ವ್ಯಾನ್‌ನ ಫ್ರಿಜ್ ತಂಪಾಗುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮೊದಲು ಕಪಾಟು ಬಿಚ್ಚಿ ನೋಡಿ

ಪ್ರಶ್ನೆ: ನಾವು ತುಮಕೂರಿನವರು. ಎರಡು ವರ್ಷದ ಹಿಂದೆ ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಒಳಗೆ ಮಲಗುವ ಹಲಗೆ, ಪುಟ್ಟ ಅಡುಗೆಕಟ್ಟೆ, ಅದರ ಕೆಳಗಿನ ಕಪಾಟಿನಲ್ಲಿ 50 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಕೂರಿಸಿಕೊಂಡಿದ್ದೇವೆ. 150 ಆಂಪಿಯರ್-ಅವರ್ ಬ್ಯಾಟರಿ, ಚಾವಣಿಯ ಮೇಲೆ 200 ವಾಟ್ ಸೋಲಾರ್ ಫಲಕ ಇವೆ. ಮನೆಯ ಮುಂದೆ ನಿಂತಾಗ, ರಾತ್ರಿ ಹೊತ್ತು, ದೇವರಾಯನದುರ್ಗದ ಮೇಲೆ ಫ್ರಿಜ್ ಚೆನ್ನಾಗಿಯೇ ಇರುತ್ತದೆ. ಒಳಗಿನ ತಟ್ಟೆಯ ತುಂಬ ಬಿಳಿ ಮಂಜು ಕಟ್ಟುತ್ತದೆ. ಕಳೆದ ಏಪ್ರಿಲ್‌ನಲ್ಲಿ ಮಧುಗಿರಿ, ಪಾವಗಡದ ಕಡೆ ಮೂರು ದಿನ ಸುತ್ತಿದಾಗ ಮಾತ್ರ ಮಧ್ಯಾಹ್ನ ಒಳಗೆ 14 ಡಿಗ್ರಿ ತೋರಿಸಿತು, ಹಾಲು ಒಡೆಯಿತು. ಕಂಪ್ರೆಸರ್ ನಿಲ್ಲದೆ ಓಡುತ್ತಿತ್ತು. ಒಂದು ಬೆಳಗಿನ ಜಾವ ತಾನಾಗಿಯೇ ನಿಂತು ಕೆಂಪು ದೀಪ ಮಿನುಗಿತು. ಒಬ್ಬ ಮೆಕ್ಯಾನಿಕ್ ಗ್ಯಾಸ್ ಹೋಗಿದೆ ಎಂದರು. ಇನ್ನೊಬ್ಬರು ಇದು ಸಾಲದು, 80 ಲೀಟರಿನದು ಹಾಕಿಸಿ ಎಂದರು. ಗೆಳೆಯರು ಸುತ್ತಲೂ ಥರ್ಮೋಕೋಲ್ ತುಂಬಿಸಲು ಹೇಳುತ್ತಾರೆ. ಜೊತೆಗೆ ಬರುವ ನನ್ನ ತಾಯಿಯ ಇನ್ಸುಲಿನ್ ಕೂಡ ಅದರಲ್ಲೇ ಇರುತ್ತದೆ. ಕಪಾಟಿನ ಫೋಟೋ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ಮೊದಲು ಇನ್ಸುಲಿನ್ ವಿಷಯ. ಹಾಲು ಒಡೆದರೆ ನಮಗೆ ಗೊತ್ತಾಗುತ್ತದೆ. ಇನ್ಸುಲಿನ್ ಕೆಟ್ಟರೆ ಎಷ್ಟೋ ಸಲ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯ ನಡುವೆ ಇರಬೇಕು. ಬಳಸುತ್ತಿರುವ ಬಾಟಲಿ ಅಥವಾ ಪೆನ್ನನ್ನು ಫ್ರಿಜ್‌ನಲ್ಲಿ ಇಡಲೇಬೇಕೆಂದಿಲ್ಲ. ಬಿಸಿಲು ತಾಗದ, 25–30 ಡಿಗ್ರಿ ಮೀರದ ಜಾಗದಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ. ನಿಖರವಾದ ಅವಧಿ ಆಯಾ ಔಷಧದ ಚೀಟಿಯಲ್ಲಿ ಬರೆದಿರುತ್ತದೆ. ಬೇಸಿಗೆಯ ವ್ಯಾನ್‌ನಲ್ಲಿ ಅಂಥ ಜಾಗ ಸಿಗುವುದಿಲ್ಲವೆಂದು ನೀವು ಹೇಳಬಹುದು. ಒದ್ದೆ ಬಟ್ಟೆ ಸುತ್ತಿದ ಸಣ್ಣ ಮಣ್ಣಿನ ಕುಡಿಕೆಯೊಳಗೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟು, ಗಾಳಿ ಆಡುವ ಕಡೆ ಇಡಿ. ನಮ್ಮ ಬಯಲುಸೀಮೆಯ ಒಣ ಹವೆಯಲ್ಲಿ ನೀರು ಬೇಗ ಆವಿಯಾಗುವುದರಿಂದ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಒಳಗೊಂದು ಥರ್ಮಾಮೀಟರ್ ಇಟ್ಟು ನೋಡಿಕೊಂಡರೆ ಅನುಮಾನವೂ ಉಳಿಯುವುದಿಲ್ಲ. ಇನ್ನೊಂದು ಅಪಾಯ ಫ್ರಿಜ್‌ನ ಒಳಗೇ ಇದೆ. ಮಧ್ಯಾಹ್ನದ ಸೆಕೆಗೆ ಹೆದರಿ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟರೆ, ರಾತ್ರಿ ತಟ್ಟೆಗೆ ಅಂಟಿಕೊಂಡ ಇನ್ಸುಲಿನ್ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ, ಎಸೆಯಲೇಬೇಕು. ಪಾವಗಡದ ಆ ಮೂರು ದಿನ ಅದರೊಳಗಿದ್ದ ಬಾಟಲಿಗಳ ಬಗ್ಗೆ ನಿಮ್ಮ ವೈದ್ಯರನ್ನು ಇಂದೇ ಕೇಳಿ.

ಇನ್ನು ಫ್ರಿಜ್‌ಗೆ ಬರೋಣ. ಕೋಲಾರದಲ್ಲಿ ತಂಪು ಯಂತ್ರಗಳ ದುರಸ್ತಿ ಮಾಡುತ್ತಾ ಇಪ್ಪತ್ತು ವರ್ಷ ದಾಟಿತು. ಹಳ್ಳಿ ಡೇರಿಗಳ ಹಾಲು ತಣಿಸುವ ತೊಟ್ಟಿ, ಜಾತ್ರೆಯ ಐಸ್‌ಕ್ರೀಂ ಗಾಡಿ, ಬೇಕರಿಯ ಗಾಜಿನ ಕಪಾಟು ಎಲ್ಲದರಲ್ಲೂ ಕೈ ಕಪ್ಪು ಮಾಡಿಕೊಂಡಿದ್ದೇನೆ. ಈ ಮೂರು ನಾಲ್ಕು ವರ್ಷದಲ್ಲಿ ನಿಮ್ಮಂಥ ವ್ಯಾನ್‌ಗಳೂ ಬರತೊಡಗಿವೆ. ಎಲ್ಲರೂ ಫ್ರಿಜ್ ಕೆಟ್ಟಿದೆ ಎಂದೇ ಬರುತ್ತಾರೆ. ನೋಡಿದರೆ ಬಹಳಷ್ಟು ಸಲ ಫ್ರಿಜ್ ಚೆನ್ನಾಗಿರುತ್ತದೆ, ಕೆಟ್ಟಿರುವುದು ಅದನ್ನು ಕೂರಿಸಿದ ಕಪಾಟು.

ಫ್ರಿಜ್ ತಂಪನ್ನು ಹುಟ್ಟಿಸುವ ಯಂತ್ರವಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಸುರಿಯುವ ಯಂತ್ರ. ಒಳಗಿನ ತಟ್ಟೆಯಲ್ಲಿ ಗ್ಯಾಸ್ ಶಾಖವನ್ನು ಹೀರಿಕೊಳ್ಳುತ್ತದೆ, ಕಂಪ್ರೆಸರ್ ಅದನ್ನು ಒತ್ತಿ ಇನ್ನಷ್ಟು ಬಿಸಿ ಮಾಡುತ್ತದೆ, ಹಿಂಬದಿಯ ಕಂಡೆನ್ಸರ್ ಜಾಲರಿ ಆ ಶಾಖವನ್ನು ಸುತ್ತಲಿನ ಗಾಳಿಗೆ ಕೊಡುತ್ತದೆ. ಹಾಗೆ ಕೊಡಬೇಕಾದರೆ ಗ್ಯಾಸ್ ಸುತ್ತಲಿನ ಗಾಳಿಗಿಂತ ಬಿಸಿಯಾಗಿರಲೇಬೇಕು. ಸುತ್ತ 30 ಡಿಗ್ರಿ ಇದ್ದರೆ ಕೆಲಸ ಸಲೀಸು. ಅದೇ ಗಾಳಿ ಕಪಾಟಿನೊಳಗೆ ಸಿಕ್ಕಿಬಿದ್ದು 50 ಡಿಗ್ರಿಗೆ ಬಂತೆನ್ನಿ. ಕಂಪ್ರೆಸರ್ ಹೆಚ್ಚು ಒತ್ತಡದಲ್ಲಿ ಏದುಸಿರು ಬಿಡುತ್ತಾ ಹೆಚ್ಚು ಕರೆಂಟು ಎಳೆಯುತ್ತದೆ, ಹೊರುವ ಶಾಖ ಮಾತ್ರ ಕಡಿಮೆಯಾಗುತ್ತದೆ. ತಾನೇ ಹೊರಗೆ ಸುರಿದ ಶಾಖ ಮತ್ತೆ ಫ್ರಿಜ್‌ನ ಗೋಡೆಯ ಮೂಲಕ ಒಳಗೆ ನುಸುಳುತ್ತದೆ. ನಿಲ್ಲದೆ ಓಡುವುದು, ಆದರೂ ತಂಪಾಗದಿರುವುದು ಎಂದು ನೀವು ಬರೆದ ಲಕ್ಷಣ ಇದೇ.

ನಿಮ್ಮ ಫೋಟೋ ನೋಡಿದೆ. ಬಡಗಿ ಅಚ್ಚುಕಟ್ಟಾದ ಕೆಲಸಗಾರ. ಒಂದು ನೂಲೂ ಸಂದಿಲ್ಲದಂತೆ ಪ್ಲೈವುಡ್ ಕೂರಿಸಿದ್ದಾರೆ. ತೊಂದರೆ ಇರುವುದೇ ಅಲ್ಲಿ. ಹೋದ ಬೇಸಿಗೆಯಲ್ಲಿ ಮುಳಬಾಗಿಲಿನ ಕಡೆಯ ಕುಟುಂಬವೊಂದು ಇಂಥದೇ ವ್ಯಾನ್ ತಂದಿತ್ತು. ಮೂರು ಸಲ ಗ್ಯಾಸ್ ತುಂಬಿಸಿದ್ದರು. ನಾಲ್ಕು ಸ್ಕ್ರೂ ತೆಗೆದು ಹಿಂಬದಿಯ ಹಲಗೆ ಎಳೆದ ಕೂಡಲೇ ಮಾಲೂರಿನ ಹೆಂಚಿನ ಗೂಡಿನ ಬಾಯಿ ತೆರೆದಂತೆ ಬಿಸಿ ಮುಖಕ್ಕೆ ಹೊಡೆಯಿತು. ಕಂಡೆನ್ಸರ್‌ನ ತೆಳು ರೆಕ್ಕೆಗಳ ನಡುವೆ ರಸ್ತೆಯ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಅದರ ಪಕ್ಕದ ಸಂದಿಯಲ್ಲಿ ಮನೆಯವರು ಜಾಗ ಹಾಳಾಗಬಾರದೆಂದು ಮಡಿಸಿಟ್ಟ ಹತ್ತಿಪ್ಪತ್ತು ಪ್ಲಾಸ್ಟಿಕ್ ಚೀಲಗಳು. ಬ್ರಷ್ ಹಿಡಿದು ಧೂಳು ತೆಗೆದು, ಚೀಲ ತೆಗೆದು, ಹಲಗೆಯಿಲ್ಲದೆ ಎರಡು ಗಂಟೆ ಓಡಿಸಿದೆವು. ಮೂರು ಸಲದ ಗ್ಯಾಸ್ ಮಾಡದ ಕೆಲಸವನ್ನು ಆ ಬ್ರಷ್ ಮಾಡಿತು.

ಹಾಗಾದರೆ ನಿಮ್ಮ ಫ್ರಿಜ್‌ನಲ್ಲಿ ಗ್ಯಾಸ್ ಹೋಗಿಲ್ಲವೇ? ಹೋಗಿಲ್ಲವೆಂದು ನಾನು ಹೇಳುವುದಕ್ಕೆ ನಿಮ್ಮ ಮಾತೇ ಆಧಾರ. ರಾತ್ರಿ ತಟ್ಟೆಯ ತುಂಬ ಮಂಜು ಕಟ್ಟುತ್ತದೆ ಎಂದಿದ್ದೀರಿ. ಗ್ಯಾಸ್ ಕಡಿಮೆಯಾದ ಫ್ರಿಜ್‌ನಲ್ಲಿ ಸಾಮಾನ್ಯವಾಗಿ ಗ್ಯಾಸ್ ಒಳಬರುವ ಕಡೆ ಒಂದಿಷ್ಟು ಮಂಜು ಕಾಣುತ್ತದೆ, ಉಳಿದ ಭಾಗ ಒಣಗಿರುತ್ತದೆ, ಮತ್ತು ಆ ಬಲಹೀನತೆ ರಾತ್ರಿ ತಂಪಿನಲ್ಲೂ ಕಾಣಿಸಿಕೊಳ್ಳುತ್ತದೆ. ಫ್ರಿಜ್‌ನ ಗ್ಯಾಸ್ ಡೀಸೆಲ್‌ನಂತೆ ಓಡಿದಷ್ಟೂ ಖರ್ಚಾಗುವುದಿಲ್ಲ. ಬೆಸೆದು ಮುಚ್ಚಿದ ಕೊಳವೆಯೊಳಗೆ ವರ್ಷಗಟ್ಟಲೆ ಅದೇ ಗ್ಯಾಸ್ ಸುತ್ತುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ತುಂಬಿಸುವುದು ಓಟೆಯಾದ ಕೊಡಕ್ಕೆ ನೀರು ಸುರಿದಂತೆ. ಸೋರಿಕೆಯೇ ಇಲ್ಲದಾಗ ತುಂಬಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಹೆಚ್ಚಾದ ಗ್ಯಾಸ್ ಒತ್ತಡವನ್ನು ಏರಿಸಿ ತಂಪನ್ನು ಇನ್ನೂ ಇಳಿಸುತ್ತದೆ. ಸಣ್ಣ ಫ್ರಿಜ್‌ಗಳಲ್ಲಿ ಇರುವುದೇ ಹತ್ತಾರು ಗ್ರಾಂ, ಆದ್ದರಿಂದ ಹತ್ತು ಗ್ರಾಂ ಹೆಚ್ಚು ಕಡಿಮೆಯಾದರೂ ಲೆಕ್ಕ ತಪ್ಪುತ್ತದೆ.

ಥರ್ಮೋಕೋಲ್ ಸಲಹೆಯಲ್ಲಿ ಅರ್ಧ ಸತ್ಯವಿದೆ, ಉಳಿದರ್ಧ ಅಪಾಯ. ಫ್ರಿಜ್‌ನ ಗೋಡೆಗಳಿಗೆ ಹೊರಗಿನಿಂದ ಇನ್ನೊಂದು ಪದರ ಕೊಟ್ಟರೆ ಒಳಗೆ ನುಸುಳುವ ಶಾಖ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಅದಕ್ಕೆ ಮೊದಲು ಫ್ರಿಜ್ ಅರ್ಧ ಗಂಟೆ ಓಡಿದ ಮೇಲೆ ಎರಡೂ ಪಕ್ಕದ ತಗಡನ್ನು ಅಂಗೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಕಂಡೆನ್ಸರ್ ಕೊಳವೆ ಆ ತಗಡಿನ ಹಿಂದೆಯೇ ಹಾದುಹೋಗಿದೆ ಎಂದರ್ಥ. ಅಲ್ಲಿ ಥರ್ಮೋಕೋಲ್ ಹಚ್ಚಿದರೆ ಫ್ರಿಜ್‌ನ ಮೂಗು ಬಾಯಿ ಕಟ್ಟಿದಂತೆ. ತಣ್ಣಗಿದ್ದರೆ ಮಾತ್ರ ಹಚ್ಚಬಹುದು. ಜಾಗ ಕಡಿಮೆ ಇರುವಲ್ಲಿ ಥರ್ಮೋಕೋಲಿಗಿಂತ ಪಫ್ (ಪಾಲಿಯುರೆಥೇನ್ ಫೋಮ್) ಹಲಗೆ ಮೇಲು, ಅಷ್ಟೇ ದಪ್ಪಕ್ಕೆ ಅದು ಹೆಚ್ಚು ಶಾಖ ತಡೆಯುತ್ತದೆ. ಕಂಡೆನ್ಸರ್ ಮತ್ತು ಕಂಪ್ರೆಸರ್ ಇರುವ ಬದಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ.

80 ಲೀಟರಿನ ಫ್ರಿಜ್ ಇದೇ ಕಪಾಟಿನಲ್ಲಿ ಇದಕ್ಕಿಂತ ಹೆಚ್ಚು ಉಸಿರುಗಟ್ಟುತ್ತದೆ. ನಿಮ್ಮ ಬ್ಯಾಟರಿಗಂತೂ ಅದು ಮೂಗಿಗಿಂತ ಮೂಗುತಿ ಭಾರ. ಲೆಕ್ಕ ಹಾಕಿ: ಈಗಿನ ಫ್ರಿಜ್ ಸುಮಾರು 4.5 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ, ದಿನವಿಡೀ ನಿಲ್ಲದೆ ಓಡಿದಾಗ 108 ಆಂಪಿಯರ್-ಅವರ್ ಬೇಕು. ನಿಮ್ಮದು ಲೆಡ್-ಆಸಿಡ್ ಬ್ಯಾಟರಿಯಾದರೆ 150ರಲ್ಲಿ ಅರ್ಧವನ್ನು, ಎಂದರೆ 75ನ್ನು ಮಾತ್ರ ನೆಮ್ಮದಿಯಿಂದ ಬಳಸಬಹುದು. ಪದೇ ಪದೇ ಅದಕ್ಕಿಂತ ಕೆಳಗೆ ಇಳಿಸಿದರೆ ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ. 200 ವಾಟ್ ಫಲಕ ಒಳ್ಳೆಯ ಬಿಸಿಲಿನ ದಿನ 60ರ ಆಸುಪಾಸು ತುಂಬೀತು. ಫ್ರಿಜ್ ಅರ್ಧ ಹೊತ್ತು ಓಡಿ ಅರ್ಧ ಹೊತ್ತು ನಿಲ್ಲುವಂತಾದರೆ 54 ಸಾಕು, ಆಗ ಇರುವ ಫಲಕ ಮತ್ತು ಬ್ಯಾಟರಿಯಲ್ಲೇ ಸಂಸಾರ ತೂಗುತ್ತದೆ. ಬೆಳಗಿನ ಜಾವ ಫ್ರಿಜ್ ನಿಂತದ್ದರ ಮೂಲವೂ ಬಹುಶಃ ಇಲ್ಲೇ ಇದೆ. ಮಧ್ಯಾಹ್ನವೆಲ್ಲ ಒದ್ದಾಡಿದ ಕಂಪ್ರೆಸರ್ ಬ್ಯಾಟರಿಯನ್ನು ಹೀರಿಬಿಟ್ಟಿತ್ತು.

ಆ ದೀಪ ಎಷ್ಟು ಸಾರಿ ಮಿನುಗಿ ವಿರಾಮ ಕೊಡುತ್ತದೆ ಎಂದು ಮುಂದಿನ ಸಲ ಎಣಿಸಿ. ಈ ಬಗೆಯ ಫ್ರಿಜ್‌ಗಳಲ್ಲಿ ಬಹಳ ಬಳಕೆಯಲ್ಲಿರುವ ಸೆಕಾಪ್ ಕಂಪ್ರೆಸರ್‌ಗಳಲ್ಲಿ ಒಂದು ಸಾರಿ ಮಿನುಗಿದರೆ ವೋಲ್ಟೇಜ್ ಕಡಿಮೆಯಾಗಿದೆ ಎಂದು, ಎರಡು ಸಾರಿಯಾದರೆ ಫ್ಯಾನ್ ಹೆಚ್ಚು ಕರೆಂಟು ಎಳೆಯುತ್ತಿದೆ ಎಂದು, ಐದು ಸಾರಿಯಾದರೆ ಅದರ ನಿಯಂತ್ರಣ ಪೆಟ್ಟಿಗೆ ಅತಿಯಾಗಿ ಕಾದಿದೆ ಎಂದು ಅರ್ಥ. ನಿಮ್ಮ ಫ್ರಿಜ್ ಬೇರೆ ಕಂಪ್ರೆಸರಿನದಾದರೆ ಅದರ ಕೈಪಿಡಿಯಲ್ಲಿ ಇಂಥದೇ ಪಟ್ಟಿ ಇರುತ್ತದೆ. ಮಧ್ಯಾಹ್ನ ಐದು, ಬೆಳಗಿನ ಜಾವ ಒಂದು ಎಂದು ಬಂದರೆ ನನಗೆ ಆಶ್ಚರ್ಯವಾಗದು.

ವೋಲ್ಟೇಜ್ ವಿಷಯದಲ್ಲಿ ಬ್ಯಾಟರಿಯಷ್ಟೇ ವೈರ್ ಕೂಡ ಮುಖ್ಯ. ವ್ಯಾನ್ ಕಟ್ಟುವವರು ಮನೆಯ ದೀಪಕ್ಕೆ ಎಳೆಯುವ 1.5 ಚದರ ಮಿಲಿಮೀಟರ್ ವೈರನ್ನೇ ಫ್ರಿಜ್‌ಗೂ ಎಳೆದುಬಿಡುತ್ತಾರೆ. 230 ವೋಲ್ಟ್‌ನಲ್ಲಿ ಅದು ನಡೆಯುತ್ತದೆ, 12 ವೋಲ್ಟ್‌ನಲ್ಲಿ ನಡೆಯುವುದಿಲ್ಲ. ಬ್ಯಾಟರಿಯಿಂದ ಫ್ರಿಜ್‌ಗೆ 6 ಮೀಟರ್ ಇದ್ದರೆ ಹೋಗಿ ಬರುವ ದಾರಿ 12 ಮೀಟರ್. 5 ಆಂಪಿಯರ್ ಹರಿಯುವಾಗ ಆ ವೈರ್‌ನಲ್ಲೇ 0.7 ವೋಲ್ಟ್ ಕಳೆದುಹೋಗುತ್ತದೆ, ಕಂಪ್ರೆಸರ್ ಹೊರಡುವ ಕ್ಷಣದಲ್ಲಿ ಇನ್ನೂ ಹೆಚ್ಚು. 6 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿದರೆ ಈ ನಷ್ಟ 0.2 ವೋಲ್ಟ್‌ಗಿಂತ ಕೆಳಗೆ ಬರುತ್ತದೆ. ಅನೇಕ ಕಂಪ್ರೆಸರ್‌ಗಳು 10.4 ವೋಲ್ಟ್‌ಗೆ ಇಳಿದರೆ ನಿಂತುಬಿಡುತ್ತವೆ, 11.7ಕ್ಕೆ ಏರುವವರೆಗೆ ಮತ್ತೆ ಹೊರಡುವುದಿಲ್ಲ. ಅದಕ್ಕೇ ಹತ್ತನೇ ಒಂದು ವೋಲ್ಟ್‌ಗೂ ಬೆಲೆ ಇದೆ. ಫ್ರಿಜ್ ಓಡುತ್ತಿರುವಾಗಲೇ ಮಲ್ಟಿಮೀಟರನ್ನು ಮೊದಲು ಬ್ಯಾಟರಿಯ ತುದಿಗಳಿಗೆ, ಆಮೇಲೆ ಫ್ರಿಜ್‌ನ ತುದಿಗಳಿಗೆ ಇಟ್ಟು ನೋಡಿ. ಎರಡರ ನಡುವೆ ಅರ್ಧ ವೋಲ್ಟ್ ಮೀರಿದರೆ ವೈರ್ ಬದಲಿಸಿ. ಅದಕ್ಕೂ ಮೊದಲು ನೆಗೆಟಿವ್ ವೈರ್ ವ್ಯಾನ್‌ನ ಮೈಗೆ ಕೂಡುವ ಜಾಗದಲ್ಲಿ ಬಣ್ಣವೋ ತುಕ್ಕೋ ಅಡ್ಡ ಬಂದಿದೆಯೇ ನೋಡಿ. ಹೊಸ ವೈರ್‌ಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು, ಈ ಗಾತ್ರದ ಫ್ರಿಜ್‌ಗೆ ಸಾಮಾನ್ಯವಾಗಿ 15 ಆಂಪಿಯರ್. ಫ್ಯೂಸ್ ಇಲ್ಲದ ದಪ್ಪ ವೈರ್ ಎಲ್ಲಾದರೂ ಉಜ್ಜಿ ಸುಲಿದರೆ ಬೆಂಕಿಗೆ ದಾರಿ.

ಈಗ ಗಾಳಿಯ ದಾರಿ. ಮೊದಲು ಅಳೆಯಿರಿ. ನೂರಿನ್ನೂರು ರೂಪಾಯಿಗೆ ಸಿಗುವ ತಂತಿಯುಳ್ಳ ಥರ್ಮಾಮೀಟರ್ ಎರಡು ಸಾಕು. ಒಂದನ್ನು ಫ್ರಿಜ್‌ನ ನಡು ಅಂತಸ್ತಿನಲ್ಲಿ ನೀರು ತುಂಬಿದ ಲೋಟದೊಳಗೆ ಅದ್ದಿಡಿ. ಬಾಗಿಲು ತೆಗೆದಾಗ ಗಾಳಿಯ ಉಷ್ಣತೆ ಕುಣಿಯುತ್ತದೆ, ನೀರಿನದು ಹಾಗೆ ಕುಣಿಯುವುದಿಲ್ಲ. ಇನ್ನೊಂದನ್ನು ಕಪಾಟಿನೊಳಗೆ ಕಂಡೆನ್ಸರ್ ಪಕ್ಕ ತೂಗಿಬಿಡಿ. ಕಪಾಟಿನ ಗಾಳಿ ವ್ಯಾನ್‌ನೊಳಗಿನ ಗಾಳಿಗಿಂತ ಐದಾರು ಡಿಗ್ರಿಗೂ ಹೆಚ್ಚು ಬಿಸಿ ಇದ್ದರೆ ಗಾಳಿ ಸಾಗುತ್ತಿಲ್ಲ ಎಂದು ಖಚಿತ. ಫ್ರಿಜ್‌ನ ಹಿಂದಿನ ಚೀಟಿಯಲ್ಲಿ ಹವಾಮಾನದ ವರ್ಗ ಎಂದು ಅಕ್ಷರಗಳು ಇರುತ್ತವೆ: ‘ಎನ್’ ಎಂದಿದ್ದರೆ 32 ಡಿಗ್ರಿಯವರೆಗೆ, ‘ಎಸ್‌ಟಿ’ ಎಂದಿದ್ದರೆ 38, ‘ಟಿ’ ಎಂದಿದ್ದರೆ 43. ಆ ಅಂಕಿ ಊರಿನ ಬಿಸಿಲಿನದಲ್ಲ, ಫ್ರಿಜ್ ಉಸಿರಾಡುವ ಗಾಳಿಯದು. ಪಾವಗಡದಲ್ಲಿ ಹೊರಗೆ 39 ಇದ್ದ ದಿನ ನಿಮ್ಮ ಕಪಾಟಿನಲ್ಲಿ ಎಷ್ಟಿತ್ತೋ ಊಹಿಸಿ.

ಆಮೇಲೆ ಒಂದು ಊದುಬತ್ತಿ ಹಚ್ಚಿ. ಇದು ನನ್ನ ನೆಚ್ಚಿನ ಪರೀಕ್ಷೆ. ವ್ಯಾನ್‌ನ ಫ್ಯಾನ್ ಆರಿಸಿ, ಫ್ರಿಜ್ ಓಡುತ್ತಿರುವಾಗ ಕಪಾಟಿನ ಕೆಳಗಿನ ಸಂದಿಯ ಬಳಿ ಹಿಡಿಯಿರಿ. ಹೊಗೆಯ ಎಳೆ ಬಾಗಿ ಒಳಗೆ ನುಗ್ಗಬೇಕು, ಸ್ವಲ್ಪ ಹೊತ್ತಿಗೆ ಮೇಲಿನ ಸಂದಿಯಿಂದ ಹೊರಗೆ ಕಾಣಬೇಕು. ನೆಟ್ಟಗೆ ಮೇಲಕ್ಕೇ ಏರಿದರೆ ಒಳಗೆ ಗಾಳಿ ಸತ್ತಿದೆ. ಹೊರಗೆ ಬಂದ ಹೊಗೆ ತಿರುಗಿ ಕೆಳಗಿನ ಸಂದಿಯಲ್ಲೇ ಒಳಗೆ ಹೋಗುತ್ತಿದ್ದರೆ ಫ್ರಿಜ್ ತನ್ನ ಬಿಸಿಯುಸಿರನ್ನೇ ಮತ್ತೆ ಕುಡಿಯುತ್ತಿದೆ. ಕಪಾಟಿನೊಳಗೆ ಫ್ಯಾನ್ ಹಾಕಿಸಿಯೂ ತಂಪಾಗಲಿಲ್ಲ ಎನ್ನುವವರ ವ್ಯಾನ್‌ಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಇದನ್ನೇ. ಮುಚ್ಚಿದ ಪೆಟ್ಟಿಗೆಯೊಳಗೆ ಫ್ಯಾನ್ ತಿರುಗಿದರೆ ಬಿಸಿ ಗಾಳಿ ಸುತ್ತುತ್ತದೆ, ಹೊರಗೆ ಹೋಗುವುದಿಲ್ಲ.

ಆದ್ದರಿಂದ ಗರಗಸ ಹಿಡಿಯಲೇಬೇಕು. ಕೆಳಗೊಂದು, ಮೇಲೊಂದು, ಎರಡೂ ಕನಿಷ್ಠ 200 ಚದರ ಸೆಂಟಿಮೀಟರ್, ಎಂದರೆ 10ಕ್ಕೆ 20ರ ಕಿಂಡಿ. ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಹೊಡೆದರೆ ಗಾಳಿಯ ದಾರಿ ಬಹಳ ಕಿರಿದಾಗುತ್ತದೆ, ಕಿಂಡಿಯನ್ನು ಇನ್ನಷ್ಟು ದೊಡ್ಡದು ಮಾಡಿ. ಕೆಳಗಿನಿಂದ ಬಂದ ಗಾಳಿ ಕಂಡೆನ್ಸರನ್ನು ಹಾದೇ ಮೇಲಕ್ಕೆ ಹೋಗಬೇಕು. ಪಕ್ಕದ ಸಂದಿಗಳಲ್ಲಿ ಜಾರಿಹೋಗದಂತೆ ಅಲ್ಲಿ ಫೋಮ್ ಪಟ್ಟಿ ಅಂಟಿಸಿ. ಮೇಲಿನ ಕಿಂಡಿಗೆ ಕಂಪ್ಯೂಟರ್‌ನಲ್ಲಿ ಬಳಸುವ 120 ಮಿಲಿಮೀಟರಿನ 12 ವೋಲ್ಟ್ ಫ್ಯಾನನ್ನು ಗಾಳಿ ಹೊರಗೆ ಎಳೆಯುವಂತೆ ಕೂರಿಸಿ. ಅದು ಎಳೆಯುವುದು ಎರಡು ಮೂರು ವಾಟ್ ಅಷ್ಟೇ. 40 ಡಿಗ್ರಿಗೆ ಫ್ಯಾನನ್ನು ತಾನಾಗಿ ಓಡಿಸುವ ಸಣ್ಣ ಸ್ವಿಚ್ ಸೇರಿಸಿದರೆ ರಾತ್ರಿ ಸದ್ದೂ ಇರುವುದಿಲ್ಲ. ಕಂಪ್ರೆಸರ್‌ಗೆ ಅದರದೇ ಫ್ಯಾನ್ ಇದ್ದರೆ ಅದು ಯಾವ ಕಡೆಗೆ ಊದುತ್ತದೆ ಎಂದು ಮೊದಲು ನೋಡಿ, ಹೊಸದು ಅದಕ್ಕೆ ಎದುರಾಗಬಾರದು.

ಆ ಬಿಸಿ ಗಾಳಿಯನ್ನು ಎಲ್ಲಿಗೆ ಬಿಡುವುದು? ವ್ಯಾನ್‌ನೊಳಗೇ ಬಿಡುವುದು ಸುಲಭ, ಮೈ ಕತ್ತರಿಸುವ ಗೋಜಿಲ್ಲ. ಆದರೆ ಚಾವಣಿಯ ಕಿಂಡಿ ತೆರೆದಿರಬೇಕು. ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ವ್ಯಾನ್‌ನೊಳಗೆ 50 ಡಿಗ್ರಿ ದಾಟುವುದು ಅಪರೂಪವಲ್ಲ, ಆಗ ಯಾವ ಕಿಂಡಿಯೂ ಉಪಕಾರಕ್ಕೆ ಬಾರದು. ಪಕ್ಕದ ಗೋಡೆ ಕೊರೆದು ಹೊರಗೇ ಬಿಟ್ಟರೆ ಫಲ ಹೆಚ್ಚು, ಕೊರೆದ ಅಂಚಿಗೆ ತುಕ್ಕು ನಿರೋಧಕ ಬಳಿದು ಮಳೆ ಒಳನುಗ್ಗದ ಮುಚ್ಚಳ ಹಾಕಬೇಕು. ನೆಲ ಕೊರೆದು ಕೆಳಗಿನ ತಂಪು ಗಾಳಿ ಎಳೆಯುವವರೂ ಇದ್ದಾರೆ. ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಕಚ್ಚಾ ರಸ್ತೆಗಳಲ್ಲಿ ಓಡಾಡುವ ವ್ಯಾನ್‌ಗೆ ನಾನು ಅದನ್ನು ಒಪ್ಪುವುದಿಲ್ಲ, ಒಂದೇ ಪ್ರಯಾಣದಲ್ಲಿ ಕಂಡೆನ್ಸರ್ ಧೂಳಿನಿಂದ ಕಟ್ಟಿಕೊಳ್ಳುತ್ತದೆ. ಇಲಿ ಕೂಡ ಅದೇ ದಾರಿಯಲ್ಲಿ ಬರುತ್ತದೆ. ನಿಮಗೆ ನನ್ನ ಸಲಹೆ: ಕೆಳಗಿನ ಕಿಂಡಿ ವ್ಯಾನ್‌ನ ಒಳಗಿನಿಂದ, ಮೇಲಿನದು ಪಕ್ಕದ ಗೋಡೆಯಿಂದ ಹೊರಕ್ಕೆ.

ನಿಲ್ಲಿಸುವ ಜಾಗದ ಬಗ್ಗೆ ಒಂದು ಮಾತು. ಏಪ್ರಿಲ್ ಕೊನೆಯ ವಾರ ನಮ್ಮ ಸೀಮೆಯಲ್ಲಿ ನಡುಹಗಲು ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಆಗ ಚಾವಣಿಯನ್ನು ಕಾಯುವುದು ಹುಣಸೆ ಮರದ ನೆರಳೊಂದೇ. ಮೂರು ಗಂಟೆಯ ಪಡುವಣ ಬಿಸಿಲು ಫ್ರಿಜ್ ಇರುವ ಬದಿಗೆ ಹೊಡೆಯದಂತೆ ವ್ಯಾನ್ ತಿರುಗಿಸಿ ನಿಲ್ಲಿಸಿ.

ಬಾಗಿಲಿನ ರಬ್ಬರ್ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ: ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ, ನಾಲ್ಕೂ ಕಡೆ ಬಿಗಿಯಾಗಿ ಹಿಡಿಯಬೇಕು. ತಟ್ಟೆಯ ಮೇಲಿನ ಮಂಜು ಐದಾರು ಮಿಲಿಮೀಟರ್ ದಪ್ಪವಾದರೆ ಫ್ರಿಜ್ ಆರಿಸಿ ಕರಗಿಸಿ. ಚಾಕು ಹಾಕಿ ಕೆರೆಯಬೇಡಿ. ಒಳಗಿರುವುದು ತೆಳು ಅಲ್ಯೂಮಿನಿಯಂ, ಒಂದು ಚುಚ್ಚಿಗೆ ಗ್ಯಾಸೆಲ್ಲ ಹೊರಗೆ ಹೋಗುತ್ತದೆ. ಹಾಗೆ ತೂತಾದ ತಟ್ಟೆ ಹಿಡಿದು ಬಂದವರ ಮುಖ ನೋಡುವುದು ನನಗೂ ಕಷ್ಟ.

ಇನ್ನೊಂದು ಕೆಲಸ ಹೊರಡುವ ಹಿಂದಿನ ರಾತ್ರಿಯದು. 30 ಡಿಗ್ರಿಯಲ್ಲಿರುವ ಐದು ಲೀಟರ್ ಹಾಲು ನೀರನ್ನು 5 ಡಿಗ್ರಿಗೆ ತರಲು ಸುಮಾರು 145 ವಾಟ್-ಅವರ್ ಶಾಖ ಹೊರಹಾಕಬೇಕು. ಈ ಗಾತ್ರದ ಕಂಪ್ರೆಸರ್‌ಗೆ ಅದು ಎರಡು ಮೂರು ಗಂಟೆಯ ದುಡಿಮೆ. ಆ ದುಡಿಮೆಯನ್ನು ಮನೆಯ ಕರೆಂಟಿನಲ್ಲೇ ಮುಗಿಸಿ: ಫ್ರಿಜ್ ರಾತ್ರಿಯೇ ಹಚ್ಚಿ, ಒಳಗಿಡುವುದನ್ನೆಲ್ಲ ಮನೆಯ ಫ್ರಿಜ್‌ನಲ್ಲಿ ತಣಿಸಿ, ಒಂದೊಂದು ಲೀಟರಿನ ಎರಡು ನೀರಿನ ಬಾಟಲಿಗಳನ್ನು ಫ್ರೀಜರ್‌ನಲ್ಲಿ ಕಲ್ಲಾಗಿಸಿ ತನ್ನಿ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ 93 ವಾಟ್-ಅವರ್ ಶಾಖ ನುಂಗುತ್ತದೆ. ಎರಡು ಬಾಟಲಿ ಒಂದು ಕೆಟ್ಟ ಮಧ್ಯಾಹ್ನವನ್ನು ದಾಟಿಸುತ್ತವೆ. ಇನ್ಸುಲಿನ್ ಡಬ್ಬಿ ಮಾತ್ರ ಆ ಬಾಟಲಿಗಳಿಗೆ ತಾಗದಿರಲಿ. ಹುಳಿ ಬರುತ್ತಿರುವ ದೋಸೆ ಹಿಟ್ಟು, ಬಿಸಿ ಸಾರಿನ ಪಾತ್ರೆ ಒಳಗೆ ಬೇಡ. ಕೊತ್ತಂಬರಿ, ಕರಿಬೇವನ್ನು ಡಬ್ಬಿಯಲ್ಲಿ ಮುಚ್ಚಿಡಿ, ಅವುಗಳ ತೇವವೇ ತಟ್ಟೆಯ ಮೇಲೆ ಮಂಜಾಗುತ್ತದೆ.

ಅಡುಗೆ ಗ್ಯಾಸಿನಲ್ಲೂ ಓಡುವ ಅಬ್ಸಾರ್ಪ್ಷನ್ ಫ್ರಿಜ್ ಇರುವವರಿಗೂ ಗಾಳಿಯ ಮಾತೇ ಮೊದಲು, ಅದಕ್ಕಿಂತಲೂ ಕಟ್ಟುನಿಟ್ಟಾಗಿ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು ರೂಪಿಸಿದ ಆ ಯಂತ್ರದಲ್ಲಿ ಕಂಪ್ರೆಸರೇ ಇಲ್ಲ; ಬೆಂಕಿಯ ಶಾಖ ಮತ್ತು ಭೂಮಿಯ ಸೆಳೆತದಿಂದ ಒಳಗಿನ ಅಮೋನಿಯ ಹರಿಯುತ್ತದೆ. ಹೀಗಾಗಿ ವ್ಯಾನ್ ಓರೆಯಾಗಿ ನಿಂತರೆ ಅದು ಕೆಲಸ ನಿಲ್ಲಿಸುತ್ತದೆ, ಹೆಚ್ಚು ಹೊತ್ತು ಹಾಗೇ ಓಡಿದರೆ ಶಾಶ್ವತವಾಗಿ ಕೆಡಬಹುದು. ಅದರ ಹೊಗೆ ವ್ಯಾನ್‌ನ ಹೊರಗೇ ಹೋಗಬೇಕು, ಪೆಟ್ರೋಲ್ ಬಂಕ್‌ಗೆ ಮೊದಲೇ ಜ್ವಾಲೆ ಆರಿಸಬೇಕು. ಕಾರಿನ ಸಿಗರೇಟ್ ಲೈಟರ್‌ಗೆ ಸಿಕ್ಕಿಸುವ ಅಗ್ಗದ ತಂಪು ಪೆಟ್ಟಿಗೆಗಳು ಸುತ್ತಲಿನ ಗಾಳಿಗಿಂತ ಹೆಚ್ಚೆಂದರೆ 20 ಡಿಗ್ರಿ ಕೆಳಗೆ ಹೋಗುತ್ತವೆ. ಔಷಧವನ್ನು ಅದಕ್ಕೆ ನಂಬಿ ಬಿಡಬೇಡಿ.

ಇಷ್ಟೆಲ್ಲ ಮಾಡಿ, ಕಪಾಟಿನ ಗಾಳಿ ವ್ಯಾನ್‌ನ ಗಾಳಿಯಷ್ಟೇ ಇದ್ದು, ಫ್ರಿಜ್ ತುದಿಯಲ್ಲಿ 12 ವೋಲ್ಟ್ ನಿಂತೂ ಲೋಟದ ನೀರು 5 ಡಿಗ್ರಿಗೆ ಇಳಿಯದಿದ್ದರೆ, ತಟ್ಟೆಯ ಅರ್ಧ ಭಾಗ ಒಣಗಿಯೇ ಉಳಿದರೆ, ಆಗ ಗ್ಯಾಸ್ ಅನುಮಾನಿಸಿ. ಚೀಟಿಯಲ್ಲಿ ಆರ್ 134ಎ ಅಥವಾ ಆರ್ 600ಎ ಎಂದು ಗ್ಯಾಸಿನ ಹೆಸರೂ, ಗ್ರಾಂ ಲೆಕ್ಕವೂ ಇರುತ್ತದೆ. ಆರ್ 600ಎ ಬೆಂಕಿ ಹಿಡಿಯುವ ಗ್ಯಾಸ್, ಅದರ ಕೊಳವೆಗೆ ವ್ಯಾನ್‌ನೊಳಗೆ ಬೆಸುಗೆಯ ಜ್ವಾಲೆ ತಾಗಿಸಲು ಯಾರಿಗೂ ಬಿಡಬೇಡಿ. ಒಂದರ ಬದಲು ಇನ್ನೊಂದನ್ನು ತುಂಬುವಂತೆಯೂ ಇಲ್ಲ. ಮೆಕ್ಯಾನಿಕ್ ಬಳಿ ಮೂರೇ ಪ್ರಶ್ನೆ ಕೇಳಿ: ಸೋರಿಕೆಯನ್ನು ನೈಟ್ರೋಜನ್ ಒತ್ತಡದಲ್ಲಿ ಹುಡುಕುತ್ತೀರಾ, ತುಂಬುವ ಮೊದಲು ವ್ಯಾಕ್ಯೂಮ್ ಎಳೆಯುತ್ತೀರಾ, ಗ್ಯಾಸನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಹಾಕುತ್ತೀರಾ. ಅಂಗಡಿಯ ಮೇಜಿನ ಮೇಲೆ ಆ ಸಣ್ಣ ತಕ್ಕಡಿ ಕಾಣಿಸದಿದ್ದರೆ ಫ್ರಿಜ್ ಇಳಿಸದೆ ಮನೆಗೆ ಬನ್ನಿ.